ಕಣ್ಣು ಹೊಡೆಯುವ ಪದ್ಮಿನಿ

ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯ ಬ್ರೇಕ್ ಲೈಟ್ ಮಿಣುಕೋ ಕಾರನ್ನ ನೀವು ನೋಡಿದ್ದೀರಾ? ಬ್ರೇಕ್ ಒತ್ತಿದರೆ ಮುಂದಿನ ಎಡ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತೆ. ಪಾರ್ಕಿಂಗ್ ಲೈಟ್ ಹಾಕ್ಕೊಂಡು ಬ್ರೇಕ್ ಒತ್ತಿದರೆ ಹಿಂದಿನ ಎಡ ಲೈಟ್ ಜೋರಾಗೋ ಬದಲು ಇನ್ನೂ ಸಪ್ಪೆಯಾಗುತ್ತೆ. ಊರಿನವರು ಇದಕ್ಕೆ 'ಗಾಡಿಗೆ ಏನೋ ಮೆಟ್ಟಿಕೊಂಡಿದೆ' ಅಂತ ತಮಾಷೆ ಮಾಡ್ತಿದ್ದರು. ಎಲೆಕ್ಟ್ರಿಕಲ್ ಬ್ರಾಂಚಿನ ಎರಡನೇ ವರ್ಷದವರಾದ ನಮಗೆ ಮಾತ್ರ ಅದು ದಸರಾ ರಜೆಗೆ ಸಿಕ್ಕ ಪುಕ್ಕಟೆ ಲ್ಯಾಬ್.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ. ಈಗಿನವರಿಗೆ ಪದ್ಮಿನಿ ಅಂದರೆ ಬಾಂಬೆಯ ಕಪ್ಪು ಹಳದಿ ಟ್ಯಾಕ್ಸಿ ಅಷ್ಟೇ, ಅದೂ 2023ರ ಅಕ್ಟೋಬರಿಗೆ ರಸ್ತೆಯಿಂದ ಮಾಯವಾಯ್ತು. ಮೂಲದಲ್ಲಿ ಇದು ಇಟಲಿಯ ಫಿಯೆಟ್ 1100. ನಮ್ಮ ದೇಶದಲ್ಲಿ 1964ರಿಂದ ಫಿಯೆಟ್ ಹೆಸರಲ್ಲೇ ತಯಾರಾಗ್ತಿತ್ತು, 1974ರಲ್ಲಿ ಪದ್ಮಿನಿ ಆಯ್ತು. 1089 ಸಿಸಿ ಎಂಜಿನ್, ಗೇರ್ ಸ್ಟೀರಿಂಗ್ ಪಕ್ಕದಲ್ಲಿ. ಹಳಬರು ಇವತ್ತಿಗೂ ಅದನ್ನ 'ಫಿಯೆಟ್' ಅಂತಲೇ ಕರೆಯೋದು.

ಇದರ ಒಡತಿ ನಮ್ಮಲ್ಲೊಬ್ಬನ ಅಜ್ಜಿ. ಎಪ್ಪತ್ತು ದಾಟಿದವರು, ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ವಿಜ್ಞಾನ ಮೇಷ್ಟರಾಗಿದ್ದವರು (ಟೀಚರ್ ಅಂದರೆ ಅವರಿಗೆ ಇಷ್ಟ ಇಲ್ಲ, ಮೇಷ್ಟರು ಅಂತಲೇ ಅನ್ನಬೇಕು). ಸಕಲೇಶಪುರದ ಆಚೆ, ಪೇಟೆಯಿಂದ ಒಂಬತ್ತು ಕಿಲೋಮೀಟರ್ ಒಳಗೆ ಮನೆ. ರಿಟೈರ್ ಆದ ಮೇಲೂ ವಾರಕ್ಕೆ ಮೂರು ಸಂಜೆ ಪೇಟೆಗೆ ಹೋಗಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳ್ತಿದ್ದರು. ಕಾಸು ತಗೋತಿರಲಿಲ್ಲ. ವಾಪಸ್ ಬರೋದು ರಾತ್ರಿ ಏಳೂವರೆಗೆ, ಅವರೇ ಡ್ರೈವ್ ಮಾಡ್ಕೊಂಡು.

ಕಳೆದ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿದವು. ಮಂಜು, ಮಳೆ, ಎಡಕ್ಕೆ ತೋಟದ ಬೇಲಿ, ಬಲಕ್ಕೆ ಇಳಿಜಾರು. ನಾಲ್ಕೈದು ಸೆಕೆಂಡ್ ಆದ ಮೇಲೆ ತಾವಾಗೇ ಹೊತ್ತಿಕೊಂಡವು. ಅವತ್ತಿಂದ ಅಜ್ಜಿ ಆರು ಗಂಟೆ ನಂತರ ಸ್ಟೀರಿಂಗ್ ಮುಟ್ಟಿರಲಿಲ್ಲ, ಪಾಠವೂ ನಿಂತಿತ್ತು. ಮನೆಯವರು 'ಗುಜರಿಗೆ ಹಾಕಿಬಿಡೋಣ' ಅಂತ ಶುರು ಮಾಡಿದ್ದರು. ರಿಜಿಸ್ಟ್ರೇಷನ್ ಬೇರೆ ಅದೇ ತಿಂಗಳ ಕೊನೆಗೆ ಮುಗೀತಿತ್ತು. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಬೇಕಲ್ಲ, ಇನ್‌ಸ್ಪೆಕ್ಷನ್ನಿಗೆ ನಿಲ್ಲಿಸಿದಾಗ ಲೈಟು ಹೀಗೆ ಕಣ್ಣು ಹೊಡೀತಾ ಇದ್ದರೆ ಕಥೆ ಅಲ್ಲಿಗೇ ಮುಗೀತು. ನಮ್ಮ ಕೈಯಲ್ಲಿದ್ದದ್ದು ಹನ್ನೆರಡು ದಿನ.

ನಾವು ಮೂವರು ಹೋದ್ವಿ. ಬ್ಯಾಗಲ್ಲಿ ಒಂದು ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಎಮೆರಿ ಪೇಪರ್, ಎಸ್‌ಪಿ ರೋಡಿನಲ್ಲಿ ತಗೊಂಡ ಒಂದಷ್ಟು ವೈರು, ಟರ್ಮಿನಲ್ಲು.

ಬ್ಯಾಟರಿಯಿಂದಲೇ ಶುರು ಮಾಡಿದ್ವಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.5 ವೋಲ್ಟ್ ಇತ್ತು, ಅಂದರೆ ಆರೋಗ್ಯವಾಗಿದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನ ಬಿಸಿನೀರಲ್ಲಿ ತೊಳೆದು ಒರೆಸಿದ್ವಿ. ಇಲ್ಲೊಂದು ಮಾತು: ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚಬೇಕು. ಕಾರಿನ ಇಡೀ ಬಾಡಿಯೇ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿದರೆ ಬ್ಯಾಟರಿ ಪೂರ್ತಿ ಶಾರ್ಟ್, ಸ್ಪ್ಯಾನರ್ ಅಲ್ಲೇ ಅಂಟಿಕೊಂಡು ಕೆಂಪಗಾಗುತ್ತೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗಲ್ಲ.

ಆಮೇಲೆ ಫ್ಯೂಸ್. ಹಳೇ ಫಿಯೆಟ್‌ನ ಫ್ಯೂಸುಗಳು ಈಗಿನ ಪ್ಲಾಸ್ಟಿಕ್ ಬ್ಲೇಡ್ ಥರ ಅಲ್ಲ. ಪಿಂಗಾಣಿಯ ಪುಟ್ಟ ಕಡ್ಡಿ, ಮೇಲೆ ಲೋಹದ ಪಟ್ಟಿ, ಎರಡೂ ತುದಿ ಮೊನಚು, ಎರಡು ಹಿತ್ತಾಳೆ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತೆ. ಇವುಗಳ ವಿಶೇಷ ಏನಂದರೆ ಸುಟ್ಟುಹೋಗದೇನೂ ಕೈಕೊಡ್ತವೆ. ಮೊನಚು ತುದಿಗೆ ಕಿಲುಬು ಹಿಡಿದರೆ ಸಾಕು. ನೋಡೋಕೆ ಫ್ಯೂಸ್ ಚೆನ್ನಾಗೇ ಇರುತ್ತೆ, ಕರೆಂಟ್ ಮಾತ್ರ ಹೋಗಲ್ಲ. ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿದರೆ ಲೈಟ್ ಬರುತ್ತೆ. ಅಜ್ಜಿಗೆ ಇದು ಎಷ್ಟೋ ವರ್ಷದಿಂದ ಗೊತ್ತು. 'ವೈಪರ್ ನಿಂತರೆ ನಾಲ್ಕನೇದನ್ನ ತಿರುಗಿಸ್ತೀನಿ' ಅಂದರು, ತಲೆನೋವಿಗೆ ಅಮೃತಾಂಜನ ಹಚ್ಚಿಕೊಳ್ತೀನಿ ಅನ್ನೋ ಧಾಟಿಯಲ್ಲಿ. ಎಲ್ಲಾ ಫ್ಯೂಸ್ ಬಿಚ್ಚಿ ತುದಿಗಳನ್ನೂ ಸ್ಪ್ರಿಂಗುಗಳನ್ನೂ ಉಜ್ಜಿದ್ವಿ. ವೈಪರ್ ಸರಿಹೋಯ್ತು. ಕಣ್ಣು ಹೊಡೆಯೋದು ನಿಲ್ಲಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ಎಡಗಡೆ ಹಿಂದಿನ ಲ್ಯಾಂಪಿನ ಬಲ್ಬ್ ತೆಗೆದು ಹೋಲ್ಡರಿನಲ್ಲೇ ಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸ್ತು. ಪಾಸಿಟಿವ್ ಬರ್ತಾ ಇದೆ, ನೆಗೆಟಿವ್ ಇದೆ, ಬಲ್ಬ್ ಹೊಸದು. ಪುಸ್ತಕದ ಪ್ರಕಾರ ಲೈಟ್ ಉರೀಬೇಕು. ಪೇಟೆಯಲ್ಲಿ ಈ ಗಾಡಿ ನೋಡಿದವರೆಲ್ಲ ಇಲ್ಲಿವರೆಗೆ ಬಂದು 'ಸಪ್ಲೈ ಎಲ್ಲಾ ಓಕೆ' ಅಂತ ಕೈಬಿಟ್ಟಿದ್ದರಂತೆ.

ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡವೇ ಆದರೂ ಕರೆಂಟಿನ ಬಗ್ಗೆ ಯೋಚನೆ ಮಾಡೋದು ಇಂಗ್ಲಿಷಿನಲ್ಲೇ. ವೋಲ್ಟೇಜು, ರೆಸಿಸ್ಟೆನ್ಸು, ಸರ್ಕ್ಯೂಟು ಅಂತ ನಮ್ಮ ನಮ್ಮಲ್ಲೇ ಚರ್ಚೆ ನಡೀತಿತ್ತು. ಅಜ್ಜಿ ಕಾಫಿ ತಂದು ಮಡ್‌ಗಾರ್ಡ್ ಮೇಲಿಟ್ಟು, ಸ್ವಲ್ಪ ಹೊತ್ತು ಕೇಳಿ, 'ಅದೆಲ್ಲಾ ಇರಲಿ, ಮಂಡಲ ಎಲ್ಲಿ ಪೂರ್ತಿಯಾಗುತ್ತೆ ತೋರಿಸ್ರೋ' ಅಂದರು.

ಸರ್ಕ್ಯೂಟಿಗೆ ಅವರು ಪಾಠದಲ್ಲಿ ಹೇಳ್ತಿದ್ದ ಮಾತು ವಿದ್ಯುನ್ಮಂಡಲ. ರೆಸಿಸ್ಟೆನ್ಸಿಗೆ ರೋಧ, ಪೊಟೆನ್ಷಿಯಲ್ ಡಿಫರೆನ್ಸಿಗೆ ವಿಭವಾಂತರ. ಕೇಳಿ ಮೊದಲು ನಗು ಬಂತು, ಸಂಸ್ಕೃತ ಪಾಠ ಇದ್ದ ಹಾಗೆ. ಆದರೆ ಮಂಡಲ ಅನ್ನೋ ಪದಾನ ಒಂದು ನಿಮಿಷ ಬಾಯಲ್ಲಿ ಇಟ್ಟುಕೊಂಡು ನೋಡಿ. ರಂಗೋಲಿಯಲ್ಲಿ ಬರೆಯೋ ದುಂಡು, ಹೊರಟಲ್ಲಿಗೇ ಬಂದು ಸೇರೋ ಗೆರೆ. 'ಸರ್ಕ್ಯೂಟ್' ಕೂಡ ಹಾಗೇ ಸರ್ಕಲ್ ಪದದ ನಂಟಿನದೇ, ಆದರೆ ಲೆಕ್ಕ ಮಾಡಿ ಮಾಡಿ ಆ ಪದದಲ್ಲಿ ನಮಗೆ ಸರ್ಕಲ್ ಕಾಣಿಸೋದೇ ನಿಂತುಹೋಗಿದೆ. ಮಂಡಲ ಅಂದ ಕೂಡಲೇ ಬರೋ ಪ್ರಶ್ನೆ ಒಂದೇ: ಕರೆಂಟ್ ಬಲ್ಬಿಗೆ ಬಂತು ಸರಿ, ವಾಪಸ್ ಹೇಗೆ ಹೋಗುತ್ತೆ?

ಕಾರಿನಲ್ಲಿ ವಾಪಸ್ ಹೋಗೋಕೆ ವೈರ್ ಇರಲ್ಲ. ಬಲ್ಬ್ ಹೋಲ್ಡರ್ ಲ್ಯಾಂಪಿನ ತಗಡಿಗೆ, ಲ್ಯಾಂಪ್ ಸ್ಕ್ರೂ ಮೂಲಕ ಬಾಡಿಗೆ, ಬಾಡಿ ಒಂದು ದಪ್ಪ ಕೇಬಲ್ಲಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ. ಅರ್ಧ ಮಂಡಲ ತಾಮ್ರ, ಇನ್ನರ್ಧ ಕಬ್ಬಿಣ. ಮಲೆನಾಡಿನ ಸುಮಾರು ನಲವತ್ತು ಮಳೆಗಾಲ ಕುಡಿದ ಕಬ್ಬಿಣ! ತುಕ್ಕು ಅನ್ನೋದು ಕರೆಂಟಿಗೆ ಗೋಡೆ ಇದ್ದ ಹಾಗೆ.

ಹಾಗಾದರೆ ಮೀಟರ್ 12.4 ತೋರಿಸಿದ್ದು ಯಾಕೆ? ಮೀಟರ್ ಸುಳ್ಳು ಹೇಳಲಿಲ್ಲ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್, ಅದು ಎಳೆಯೋ ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕ. ದಾರಿಯಲ್ಲಿ 10 ಓಮ್ ತುಕ್ಕು ಇದ್ದರೆ ಅದರಲ್ಲಿ ಕಳೆದುಹೋಗೋದು ಹತ್ತು ಲಕ್ಷದಲ್ಲಿ ಒಂದು ಪಾಲು, ಮೀಟರಿಗೆ ಅದು ಕಾಣಿಸೋದೇ ಇಲ್ಲ. ಅದೇ ಜಾಗಕ್ಕೆ 21 ವ್ಯಾಟಿನ ಬಲ್ಬ್ ಹಾಕಿ. ಬಿಸಿಯಾದಾಗ ಅದರ ರೋಧ ಸುಮಾರು 7 ಓಮ್. ಆಗ 10 ಓಮ್ ತುಕ್ಕು ಅರ್ಧಕ್ಕಿಂತ ಹೆಚ್ಚು ವೋಲ್ಟೇಜನ್ನ ನುಂಗಿಬಿಡುತ್ತೆ. ಖಾಲಿ ರಸ್ತೆಯಲ್ಲಿ ಸೈಕಲ್ ಓಡಿಸಿ 'ಸೇತುವೆ ಗಟ್ಟಿ ಇದೆ' ಅಂದ ಹಾಗೆ, ಲಾರಿ ಹತ್ತಿಸಿದಾಗಲೇ ಗೊತ್ತಾಗೋದು. ಅದಕ್ಕೇ ಹಳೇ ಮೆಕ್ಯಾನಿಕ್‌ಗಳು ಮೀಟರ್ ಬಿಟ್ಟು, ಎರಡು ವೈರ್ ಬೆಸೆದ ಒಂದು ಬಲ್ಬ್ ಇಟ್ಕೊಂಡಿರ್ತಾರೆ. ಟೆಸ್ಟ್ ಲ್ಯಾಂಪ್ ಅಂತ. ಅದು ಹಳ್ಳಿ ವಿದ್ಯೆ ಅಲ್ಲ, ಲೋಡ್ ಟೆಸ್ಟ್. ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ವರ್ಷದ ಲ್ಯಾಬಿನಲ್ಲಿ ಇದೊಂದನ್ನ ಮಾಡಿಸಿದರೆ ಕಿರ್ಚಾಫ್ ಹತ್ತು ಅಂಕದಿಂದ ಹೊರಗೆ ಬಂದು ಉಸಿರಾಡ್ತಾನೆ.

ಮೀಟರಿನಲ್ಲೂ ಇದನ್ನ ಹಿಡೀಬಹುದು, ಇಡೋ ಜಾಗ ಬೇರೆ. ಬಲ್ಬ್ ಹಾಕಿ ಲೈಟ್ ಆನ್ ಮಾಡಬೇಕು. ಕಪ್ಪು ಪ್ರೋಬನ್ನ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಹಿಡಿದು, ಕೆಂಪನ್ನ ಬಲ್ಬ್ ಹೋಲ್ಡರಿನ ತಗಡಿಗೆ ಮುಟ್ಟಿಸಬೇಕು. ಎರಡೂ ನೆಗೆಟಿವ್ ಜಾಗಗಳೇ, ಹಾಗಾಗಿ ಸೊನ್ನೆಯ ಹತ್ತಿರ ಬರಬೇಕು. ಬಲಗಡೆ ಲ್ಯಾಂಪಿನಲ್ಲಿ ಬಂದದ್ದು 0.1. ಎಡಗಡೆ, ಇಂಡಿಕೇಟರ್ ಹೊತ್ತಿಕೊಂಡ ಗಳಿಗೆಯಲ್ಲಿ 5.2.

ಐದು ವೋಲ್ಟ್! ನೆಗೆಟಿವ್ ಆಗಿರಬೇಕಾದ ತಗಡು ಐದು ವೋಲ್ಟ್ ಮೇಲೆ ತೇಲ್ತಾ ಇತ್ತು. ದೆವ್ವದ ಪೂರ್ತಿ ಜಾತಕ ಅದರಲ್ಲೇ ಇದೆ. ಆ ತಗಡಿಗೆ ಟೇಲ್, ಬ್ರೇಕ್, ಇಂಡಿಕೇಟರ್ ಮೂರೂ ಫಿಲಮೆಂಟಿನ ಒಂದೊಂದು ತುದಿ ಸೇರಿರುತ್ತೆ. ಇಂಡಿಕೇಟರಿಂದ ಬಂದ ಕರೆಂಟಿಗೆ ಬಾಡಿಗೆ ಇಳಿಯೋಕೆ ಆಗ್ತಿಲ್ಲ. ಅದು ಸುಮ್ಮನೆ ಕೂರುತ್ತಾ? ಪಕ್ಕದಲ್ಲಿರೋ ಎಡ ಬ್ರೇಕ್ ಫಿಲಮೆಂಟನ್ನ ಹಿಮ್ಮುಖವಾಗಿ ಹತ್ತುತ್ತೆ. ಎಡ ಬಲ ಎರಡೂ ಬ್ರೇಕ್ ಲೈಟಿಗೆ ವೈರ್ ಒಂದೇ, ಹಾಗಾಗಿ ಅಲ್ಲಿಂದ ಬಲ ಬ್ರೇಕ್ ಲೈಟಿಗೆ ಹೋಗಿ, ಅದರ ಚೆನ್ನಾಗಿರೋ ತಗಡಿನಿಂದ ಬಾಡಿಗೆ ಇಳಿಯುತ್ತೆ. ಹೀಗೆ ಎಡಕ್ಕೆ ಹಾಕಿದರೆ ಬಲಗಡೆ ಕಣ್ಣು ಹೊಡೆಯುತ್ತೆ. ಬ್ರೇಕ್ ಒತ್ತಿದಾಗ ಇದೇ ಕಥೆ ಇಂಡಿಕೇಟರಿನ ವೈರಿನಲ್ಲಿ ಮುಂದಕ್ಕೆ ಓಡುತ್ತೆ, ಮುಂದಿನ ಎಡ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತೆ. ಬಾಗಿಲು ಹಾಕಿದ ಮನೆಯಿಂದ ಪಕ್ಕದ ಮನೆಯ ಅಟ್ಟ ಹತ್ತಿ ಇಳಿದು ಹೋದ ಹಾಗೆ. ಕಾರಿನ ಹಿಂದೆ ಮಣ್ಣಿನಲ್ಲಿ ಕಡ್ಡಿಯಿಂದ ಇದರ ಚಿತ್ರ ಬರೆದದ್ದು ಅಜ್ಜಿ. ಬಾಣದ ಗುರುತು ಸಮೇತ.

ರಿಪೇರಿ ಹೇಳೋಕೆ ಏನೂ ಇಲ್ಲ. ಲ್ಯಾಂಪ್ ಬಿಚ್ಚಿ, ಸ್ಕ್ರೂ ಕೂರೋ ಜಾಗವನ್ನ ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ, ಹೋಲ್ಡರಿಗೆ ಒಂದು ಹೊಸ ವೈರ್ ಬೆಸೆದು, ಡಿಕ್ಕಿಯ ಒಳಗಿನ ಬೋಲ್ಟಿಗೆ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಬಳಿದ್ವಿ. ಖರ್ಚು ನಲವತ್ತು ರೂಪಾಯಿ ಒಳಗೆ. ಆಮೇಲೆ 5.2 ಇದ್ದ ಜಾಗದಲ್ಲಿ 0.08.

ಆ ಹುಮ್ಮಸ್ಸಿನಲ್ಲಿ ಎಂಜಿನ್ನಿಂದ ಬಾಡಿಗೆ ಬರೋ ಹೆಣೆದ ಪಟ್ಟಿಯನ್ನೂ ನೋಡಿದ್ವಿ. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತೆ, ಸ್ಟಾರ್ಟರಿನ ನೂರಕ್ಕೂ ಹೆಚ್ಚು ಆಂಪಿಯರ್ ವಾಪಸ್ ಬರಬೇಕಾದ್ದು ಈ ಪಟ್ಟಿಯಲ್ಲೇ. ಇದು ತುಂಡಾದರೆ ಆ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಸಿಕ್ಕಿದ್ದರಲ್ಲಿ ನುಗ್ಗಿ ಅವನ್ನ ಬಿಸಿ ಮಾಡುತ್ತೆ. ನಮ್ಮದು ಅರ್ಧ ಸವೆದಿತ್ತು, ಬದಲಾಯಿಸಿದ್ವಿ.

ಹಳೇ ಬ್ರಿಟಿಷ್ ಕಾರಿನವರಲ್ಲಿ ಒಂದು ಜೋಕಿದೆ. ಅಲ್ಲಿನ ಕಾರುಗಳಿಗೆ ಎಲೆಕ್ಟ್ರಿಕಲ್ ಸಾಮಾನು ಕೊಡ್ತಿದ್ದ ಲೂಕಾಸ್ ಕಂಪನಿಯ ಯಜಮಾನನಿಗೆ 'ಕತ್ತಲ ರಾಜಕುಮಾರ' ಅಂತ ಬಿರುದು. ನಮಗೆ ಈಗ ಆ ಜೋಕ್ ಕೇಳಿದರೆ ಅಯ್ಯೋ ಪಾಪ ಅನಿಸುತ್ತೆ. ಅದರಲ್ಲಿ ಎಷ್ಟು ಪಾಲು ಅವನದು, ಎಷ್ಟು ತುಕ್ಕಿಂದು ಅಂತ ಯಾರು ಅಳೆದು ನೋಡಿದ್ದಾರೆ?

ಇನ್ನು ಹೆಡ್‌ಲೈಟ್. ಅಜ್ಜಿಯನ್ನ ಮನೆಯಲ್ಲಿ ಕೂರಿಸಿದ್ದು ಇದೇ. ಎರಡೂ ಒಂದೇ ಗಳಿಗೆಯಲ್ಲಿ ಆರಿದವು ಅಂದರೆ ಎರಡು ಬಲ್ಬ್ ಒಟ್ಟಿಗೆ ಸತ್ತವು ಅಂತಲ್ಲ, ಎರಡಕ್ಕೂ ಸೇರಿದ ಯಾವುದೋ ಒಂದು ಜಾಗ ಕೈಬಿಟ್ಟಿದೆ ಅಂತ. ಈ ಕಾಲದ ಗಾಡಿಗಳಲ್ಲಿ ಹೆಡ್‌ಲೈಟಿನ ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹಾಯ್ದು ಬರುತ್ತೆ. ಸ್ವಿಚ್ ಹೊರಗೆ ಎಳೆದು ನೋಡಿದರೆ ಒಂದು ಟರ್ಮಿನಲ್ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಹಪ್ಪಳದ ಹಾಗೆ ಉಬ್ಬಿತ್ತು.

ಬಲ್ಬ್ ನೋಡಿದ ಮೇಲೆ ಕಾರಣ ಗೊತ್ತಾಯ್ತು. ಲೈಟ್ ಮಂದ ಆಗಿದೆ ಅಂತ ಯಾವಾಗಲೋ ಯಾರೋ ಒಬ್ಬ ಪುಣ್ಯಾತ್ಮ 100/90 ವ್ಯಾಟಿನ ಹ್ಯಾಲೊಜೆನ್ ಹಾಕಿಬಿಟ್ಟಿದ್ದ. ನಮ್ಮ ರೋಡುಗಳಲ್ಲಿ ಇದು ಮಾಮೂಲಿ. ಕತ್ತಲಾಯ್ತಾ, ದೊಡ್ಡ ಬಲ್ಬ್ ಹಾಕು. ಲೆಕ್ಕ ಹಾಕಿ ನೋಡಿ. ಸವೆದ ಸ್ವಿಚ್ಚಿನಲ್ಲಿ 0.2 ಓಮ್ ರೋಧ ಇದೆ ಅಂದುಕೊಳ್ಳಿ. ಎರಡು 45 ವ್ಯಾಟಿನ ಬಲ್ಬ್ ಇದ್ದರೆ ಹರಿಯೋದು 6.7 ಆಂಪಿಯರ್, ಸ್ವಿಚ್ಚಿನಲ್ಲಿ ಬಿಸಿಯಾಗೋದು 9 ವ್ಯಾಟ್. ಎರಡು 100 ವ್ಯಾಟಿನದು ಹಾಕಿದರೆ 13 ಆಂಪಿಯರ್, ಸ್ವಿಚ್ಚಿನಲ್ಲಿ 34 ವ್ಯಾಟ್. ನಮ್ಮ ಬ್ಯಾಗಿನ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಅಂದರೆ ಅಜ್ಜಿಯ ಮೊಣಕಾಲಿನ ಮೇಲೆ, ಡ್ಯಾಶ್‌ಬೋರ್ಡಿನ ಒಳಗೆ, ಅದಕ್ಕಿಂತ ಬಿಸಿಯಾದ್ದೊಂದು ಉರೀತಾ ಇತ್ತು. ಬಿಸಿಗೆ ಕಾಂಟ್ಯಾಕ್ಟ್ ಸಡಿಲ, ಸಡಿಲ ಆದಷ್ಟೂ ರೋಧ ಜಾಸ್ತಿ, ರೋಧ ಜಾಸ್ತಿಯಾದಷ್ಟೂ ಬಿಸಿ. ಒಂದು ದಿನ ತಿರುವಿನಲ್ಲಿ ಗಾಡಿ ಕುಲುಕಿದಾಗ ಪೂರ್ತಿ ಬಿಟ್ಟುಕೊಳ್ತು.

ಇಷ್ಟೆಲ್ಲಾ ಆಗಿ ಬೆಳಕಾದರೂ ಜಾಸ್ತಿ ಆಗಿತ್ತಾ ಅಂದರೆ, ಅದೂ ಅಷ್ಟಕ್ಕಷ್ಟೇ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕ ಹಾಗೆ ಏರಿಳಿಯುತ್ತೆ. ಆ 100 ವ್ಯಾಟಿನ ಬಲ್ಬಿಗೆ ತಲುಪ್ತಿದ್ದದ್ದು 9.4 ವೋಲ್ಟ್ ಅಂತ ಲೆಕ್ಕ ಬರುತ್ತೆ. ಆಗ ಅದು ತನ್ನ ಶಕ್ತಿಯ 44% ಬೆಳಕನ್ನಷ್ಟೇ ಕೊಡುತ್ತೆ. ಉಳಿದದ್ದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಹಪ್ಪಳ ಸುಡಬಹುದು.

ಎರಡು ರಿಲೇ ಹಾಕಿದ್ವಿ, ಹೈಬೀಮಿಗೊಂದು, ಲೋಬೀಮಿಗೊಂದು. ಬ್ಯಾಟರಿಯಿಂದ ದಪ್ಪ ವೈರ್, ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ, 87ರಿಂದ ನೇರ ಬಲ್ಬಿಗೆ. ಹಳೇ ಲೈಟ್ ವೈರ್ 86ಕ್ಕೆ, 85 ಬಾಡಿಗೆ. ಆ ಬಾಡಿ ಜಾಗವನ್ನ ಎಮೆರಿ ಪೇಪರಿನಿಂದ ಎಷ್ಟು ಉಜ್ಜಿದ್ವಿ ಅಂದರೆ ಮುಖ ನೋಡ್ಕೋಬಹುದಿತ್ತು. ಈಗ ಸ್ವಿಚ್ಚಿನಲ್ಲಿ ಹರಿಯೋದು ರಿಲೇ ಕಾಯಿಲಿಗೆ ಬೇಕಾದ 0.2 ಆಂಪಿಯರಿಗಿಂತ ಕಡಿಮೆ. ಬೆಂದ ಟರ್ಮಿನಲ್ ಬದಲಾಯಿಸಿ, ಬಲ್ಬ್ 60/55ರದು ಹಾಕಿದ್ವಿ. ವ್ಯಾಟ್ ಇಳಿದಿತ್ತು, ಗೇಟಿನ ಆಚೆಯ ಸಿಲ್ವರ್ ಮರದ ಮೇಲೆ ಹತ್ತಿದ ಮೆಣಸಿನ ಬಳ್ಳಿ ಎಲೆ ಎಲೆಯಾಗಿ ಕಾಣಿಸ್ತು.

ಒಂದು ಕಡೆ ಮಾತ್ರ ಅಜ್ಜಿ ನಮ್ಮ ಕೈ ತಡೆದರು. ಐಡಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಸ್ವಲ್ಪ ಇಳಿದು, ಕೆಂಪು ಚಾರ್ಜಿಂಗ್ ದೀಪ ಹೊತ್ತಿಕೊಳ್ಳುತ್ತೆ. ಅದನ್ನೂ ಹಿಡಿಯೋಣ ಅಂತ ಮೀಟರ್ ಎತ್ತಿಕೊಂಡರೆ, 'ಅದು ಕಾಯಿಲೆ ಅಲ್ಲ, ಅದರ ಸ್ವಭಾವ' ಅಂದರು. ನಿಜ. ಇದರಲ್ಲಿರೋದು ಡೈನಮೋ, ಆಲ್ಟರ್ನೇಟರ್ ಅಲ್ಲ. ನಿಧಾನ ತಿರುಗಿದಾಗ ಅದಕ್ಕೆ ಚಾರ್ಜ್ ಮಾಡೋಷ್ಟು ವೋಲ್ಟೇಜ್ ಹುಟ್ಟಲ್ಲ, ಕಟ್‌ಔಟ್ ಬಿಟ್ಟುಕೊಂಡು ಭಾರ ಎಲ್ಲಾ ಬ್ಯಾಟರಿ ಮೇಲೆ ಬೀಳುತ್ತೆ. ಸಿಗ್ನಲ್ಲಿನಲ್ಲಿ ನಿಂತಾಗ ಅಜ್ಜಿ ಆಕ್ಸಿಲರೇಟರನ್ನ ಒಂಚೂರು ಒತ್ತಿ ಹಿಡಿದಿರ್ತಾರೆ, ಆ ಬಲಗಾಲೇ ಅದರ ವೋಲ್ಟೇಜ್ ರೆಗ್ಯುಲೇಟರು.

ಇನ್‌ಸ್ಪೆಕ್ಷನ್ ದಿನ ನಾವು ಇರಲಿಲ್ಲ, ಕಾಲೇಜಿನಲ್ಲಿ ಇಂಟರ್ನಲ್ಸ್ ಶುರುವಾಗಿತ್ತು. ಪಾಸಾಯ್ತು ಅಂತ ಮೆಸೇಜ್ ಬಂತು. ಅದಕ್ಕಿಂತ ಮುಖ್ಯವಾದ್ದು ಮುಂದಿನ ಮಂಗಳವಾರ ರಾತ್ರಿ ಏಳೂ ಮುಕ್ಕಾಲಿಗೆ ಬಂದ ಇನ್ನೊಂದು ಮೆಸೇಜ್: 'ಮನೆ ಸೇರಿದೆ. ಮಕ್ಕಳಿಗೆ ಇವತ್ತು ವಿದ್ಯುನ್ಮಂಡಲ ಮಾಡಿದೆ. ಉದಾಹರಣೆ ಗೊತ್ತಲ್ಲ.'

ಹಾರ್ನ್ ಇನ್ನೂ ಬಾಕಿ ಇದೆ. ಸ್ಟೀರಿಂಗ್ ಬಲಕ್ಕೆ ತಿರುಗಿದ್ದಾಗ ಮಾತ್ರ ಹೊಡೆಯುತ್ತೆ. ಹಾರ್ನ್ ಬಟನ್ ಒತ್ತಿದಾಗ ಮಂಡಲ ಪೂರ್ತಿಯಾಗೋದು ಸ್ಟೀರಿಂಗ್ ಕಂಬದ ಮೂಲಕ, ಅಲ್ಲೇ ಎಲ್ಲೋ ಉಜ್ಜುವ ಕಾಂಟ್ಯಾಕ್ಟ್ ಒಂದು ಕಡೆ ಸವೆದಿದೆ ಅಂತ ನಮ್ಮ ಅಂದಾಜು. ಸೆಮಿಸ್ಟರ್ ರಜೆಗೆ ಹೋಗ್ತೀವಿ. ಮೆಕ್ಯಾನಿಕಲ್ ಬ್ರಾಂಚಿನ ಯಾರಾದರೂ ಸ್ಟೀರಿಂಗ್ ಬಿಚ್ಚೋಕೆ ಗೊತ್ತಿರೋರು ಬರೋದಾದರೆ ಹೇಳಿ. ಪುಲ್ಲರ್ ನೀವೇ ತರಬೇಕು. ಅಕ್ಕಿ ರೊಟ್ಟಿ ಅಜ್ಜಿಯದು.